ಆಫೀಸಿಗೆಲ್ಲ ಒಂದೇ ಡಿಸ್ಕ್: ರೂಟರ್, ಹಳೇ ಕಂಪ್ಯೂಟರ್, ನ್ಯಾಸ್, ಕ್ಲೌಡ್‌ಗಳಲ್ಲಿ ಯಾವುದು ನಿಮಗೆ?

"ನಮ್ಮ ಆಫೀಸಿನಲ್ಲಿ ಎಂಟು ಕಂಪ್ಯೂಟರ್ ಇವೆ. ಎಲ್ಲರ ಫೈಲೂ ಒಂದೇ ಕಡೆ ಇರಬೇಕು. ಎಷ್ಟು ಟಿಬಿಯದ್ದು ತಗೊಳ್ಳಲಿ?" ಈ ಪ್ರಶ್ನೆ ನನಗೆ ಆಗಾಗ ಬರುತ್ತಲೇ ಇರುತ್ತದೆ. ಕೇಳುವವರು ಅಷ್ಟು ಹೊತ್ತಿಗಾಗಲೇ ನ್ಯಾಸ್ ಎಂಬ, ನೆಟ್‌ವರ್ಕ್‌ಗೆ ಸೇರಿಸುವ ಡಿಸ್ಕ್ ಪೆಟ್ಟಿಗೆಗಳಲ್ಲಿ ಮೂರ್ನಾಲ್ಕರ ವಿವರ ಓದಿ ತಲೆ ಕೆಡಿಸಿಕೊಂಡಿರುತ್ತಾರೆ. ನಾನು ಟಿಬಿಯ ಮಾತಿಗೆ ಹೋಗದೆ ಬೇರೆಯದೇ ನಾಲ್ಕು ಪ್ರಶ್ನೆ ವಾಪಸ್ ಕೇಳುತ್ತೇನೆ. ಅವುಗಳ ಉತ್ತರ ಸಿಕ್ಕರೆ ಪೆಟ್ಟಿಗೆ ಆರಿಸುವ ಕೆಲಸ ಅರ್ಧ ಮುಗಿದಂತೆ.

ಮೊದಲು ಈ ನಾಲ್ಕು ವಿಷಯ

ಒಂದು, ಯಾವ ಬಗೆಯ ಫೈಲು, ಏಕಕಾಲಕ್ಕೆ ಎಷ್ಟು ಕೈ? ವರ್ಡ್, ಎಕ್ಸೆಲ್, ಪಿಡಿಎಫ್ ಮಾತ್ರ ಇದ್ದರೆ ಯಾವ ವ್ಯವಸ್ಥೆಯಾದರೂ ನಡೆಯುತ್ತದೆ. ವಿಡಿಯೋ ಎಡಿಟಿಂಗ್, ದೊಡ್ಡ ಡ್ರಾಯಿಂಗ್, ಫೋಟೋ ಕೆಲಸ ಇದ್ದರೆ ವೇಗದ ಪ್ರಶ್ನೆ ಏಳುತ್ತದೆ. ಐದಾರು ಜನ ಒಟ್ಟಿಗೆ ತೆರೆಯುವ ಅಕೌಂಟಿಂಗ್ ಸಾಫ್ಟ್‌ವೇರ್‌ನ ಡೇಟಾ ಫೋಲ್ಡರ್ ಇದ್ದರೆ ಅದು ಮೂರನೆಯದೇ ಬಗೆ. ಯಾಕೆಂದು ಕ್ಲೌಡ್ ವಿಷಯ ಬಂದಾಗ ಹೇಳುತ್ತೇನೆ.

ಎರಡು, ನಿಮ್ಮ ತಂತಿಯ ವೇಗ ಎಷ್ಟು? ಗಿಗಾಬಿಟ್ ನೆಟ್‌ವರ್ಕ್‌ನಲ್ಲಿ ಸೆಕೆಂಡಿಗೆ ಲೆಕ್ಕಕ್ಕೆ 125 ಎಂಬಿ (ತಂತಿಯ ವೇಗ ಬಿಟ್ ಲೆಕ್ಕ, ಫೈಲಿನದು ಬೈಟ್ ಲೆಕ್ಕ; ಎಂಟು ಬಿಟ್‌ಗೆ ಒಂದು ಬೈಟ್), ಕೈಗೆ ಸಿಗುವುದು ಸುಮಾರು 110 ಎಂಬಿ. ಹಳೆಯ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಸ್ವಿಚ್, ಅಂದರೆ ಎಲ್ಲ ಕಂಪ್ಯೂಟರಿನ ಕೇಬಲ್ ಬಂದು ಸೇರುವ ಪೆಟ್ಟಿಗೆ, ಇನ್ನೂ ಮೂಲೆಯಲ್ಲಿ ಕೂತಿದ್ದರೆ ಸಿಗುವುದು ಬರೀ 11 ಎಂಬಿ. ಅಂದರೆ 1 ಜಿಬಿ ಫೈಲಿಗೆ ಒಂದರಲ್ಲಿ ಹತ್ತು ಸೆಕೆಂಡು, ಇನ್ನೊಂದರಲ್ಲಿ ಒಂದೂವರೆ ನಿಮಿಷ. ಇವತ್ತಿನ ಸಾಮಾನ್ಯ ಹಾರ್ಡ್ ಡಿಸ್ಕೇ ದೊಡ್ಡ ಫೈಲನ್ನು ಸೆಕೆಂಡಿಗೆ 150 ಎಂಬಿಗೂ ಹೆಚ್ಚು ವೇಗದಲ್ಲಿ ಓದಬಲ್ಲದು. ಹಾಗಾಗಿ ಗಿಗಾಬಿಟ್ ಆಫೀಸಿನಲ್ಲಿ ದೊಡ್ಡ ಫೈಲುಗಳಿಗೆ ಅಡ್ಡಿಯಾಗುವುದು ತಂತಿಯೇ, ಡಿಸ್ಕ್ ಅಲ್ಲ. ಎಸ್‌ಎಸ್‌ಡಿಗೆ (ತಿರುಗುವ ಭಾಗವಿಲ್ಲದ, ವೇಗದ ಡಿಸ್ಕಿಗೆ) ದುಡ್ಡು ಸುರಿಯುವ ಮುನ್ನ ಇದು ನೆನಪಿರಲಿ. ಎಸ್‌ಎಸ್‌ಡಿಯ ಲಾಭ ಕಾಣುವುದು ಸಾವಿರಾರು ಸಣ್ಣ ಫೈಲು ಅಥವಾ ಡೇಟಾಬೇಸ್ ಇದ್ದ ಕಡೆ.

ಒಂದು ಕಡೆ "ಈ ನ್ಯಾಸ್ ಸರಿಯಿಲ್ಲ, ತುಂಬ ಸ್ಲೋ, ಬೇರೆ ತಗೋಬೇಕು" ಅಂತ ಕರೆಸಿದ್ದರು. ಹೋಗಿ ಸ್ವಿಚ್ ನೋಡಿದರೆ ನ್ಯಾಸ್ ಸೇರಿದ್ದ ಪೋರ್ಟಿನ ದೀಪದ ಬಣ್ಣವೇ ಬೇರೆ. ಉಳಿದ ಪೋರ್ಟೆಲ್ಲ ಗಿಗಾಬಿಟ್, ಅದೊಂದು ಮಾತ್ರ 100. ಗಿಗಾಬಿಟ್‌ಗೆ ಕೇಬಲ್ ಒಳಗಿನ ಎಂಟೂ ಎಳೆ ಕೂಡಿರಬೇಕು, 100ಕ್ಕೆ ನಾಲ್ಕು ಸಾಕು. ಜ್ಯಾಕ್ ಕೂರಿಸಿದವರು ಕಂದು ಎಳೆಯನ್ನು ಪೂರ್ತಿ ಒಳಗೆ ತಳ್ಳಿರಲಿಲ್ಲ. ಜ್ಯಾಕ್ ಕತ್ತರಿಸಿ ಹೊಸದು ಹಾಕಿದ್ದಕ್ಕೆ ಹತ್ತು ನಿಮಿಷ ಹಿಡಿಯಿತು. ಹೊಸ ನ್ಯಾಸ್ ಕೊಳ್ಳುವ ಮಾತು ಅಲ್ಲಿಗೇ ನಿಂತಿತು.

ಮೂರು, ಡಿಸ್ಕ್ ಸತ್ತ ದಿನ ಎಷ್ಟು ಹೊತ್ತು ಕೆಲಸ ನಿಂತರೆ ತಡೆದುಕೊಳ್ಳಬಲ್ಲಿರಿ? ಒಂದು ಗಂಟೆಯೇ, ಒಂದು ದಿನವೇ, ಮೂರು ದಿನವೇ? ಡಿಸ್ಕ್ ಸಾಯುತ್ತದೆಯೇ ಎಂದು ಕೇಳಬೇಡಿ, ಸತ್ತೇ ಸಾಯುತ್ತದೆ.

ನಾಲ್ಕು, ಇದನ್ನು ನೋಡಿಕೊಳ್ಳುವವರು ಯಾರು? "ಎಲ್ಲರೂ ನೋಡ್ಕೊತೀವಿ" ಎಂದರೆ ಯಾರೂ ನೋಡಿಕೊಳ್ಳುವುದಿಲ್ಲ ಎಂದೇ ಅರ್ಥ. ಒಬ್ಬರ ಹೆಸರು ಹೇಳಿ. ಅವರಿಗೆ ವಾರಕ್ಕೆ ಹತ್ತು ನಿಮಿಷ ಸಿಗುತ್ತದೆಯೋ ಇಲ್ಲವೋ ಹೇಳಿ. ನನ್ನ ಪ್ರಕಾರ ಉಳಿದ ಮೂರಕ್ಕಿಂತ ಈ ಪ್ರಶ್ನೆಯೇ ದೊಡ್ಡದು. ಎಷ್ಟೇ ಒಳ್ಳೆಯ ಸಾಧನವಾದರೂ ತಿರುಗಿ ನೋಡುವವರಿಲ್ಲದಿದ್ದರೆ ಕೆಡುತ್ತದೆ.

ರೂಟರ್‌ಗೆ ಡಿಸ್ಕ್ ಸಿಕ್ಕಿಸುವುದು

ಬಹಳಷ್ಟು ರೂಟರ್‌ಗಳ ಹಿಂದೆ ಒಂದು ಯುಎಸ್‌ಬಿ ಪೋರ್ಟ್ ಇರುತ್ತದೆ. ಹೊರಗಿನ ಹಾರ್ಡ್ ಡಿಸ್ಕ್ ಸಿಕ್ಕಿಸಿದರೆ ಎಲ್ಲರಿಗೂ ಫೋಲ್ಡರ್ ಕಾಣುತ್ತದೆ. ಡಿಸ್ಕ್ ಆಗಲೇ ನಿಮ್ಮ ಬಳಿ ಇದ್ದರೆ ಹೆಚ್ಚುವರಿ ಖರ್ಚೇ ಇಲ್ಲ.

ಇಬ್ಬರು ಮೂವರು, ಕಳೆದುಹೋದರೂ ಎದೆ ಒಡೆಯದ ಫೈಲುಗಳು, ಸ್ಕ್ಯಾನ್ ಮಾಡಿದ್ದನ್ನು ಹಾಕಿಡಲು ಒಂದು ಜಾಗ, ಇಷ್ಟಕ್ಕೆ ಅಡ್ಡಿಯಿಲ್ಲ. ಅದಕ್ಕಿಂತ ಮೇಲೆ ನಾನು ಒಪ್ಪುವುದಿಲ್ಲ. ರೂಟರ್‌ನ ಪ್ರೊಸೆಸರ್ ಇಂಟರ್ನೆಟ್ ಹಂಚಲೆಂದು ಇಟ್ಟದ್ದು, ಫೈಲ್ ಹೊತ್ತು ಹಾಕಲು ಅಲ್ಲ. ಯಾರು ಯಾವ ಫೋಲ್ಡರ್ ನೋಡಬಹುದು ಎನ್ನುವ ಕಟ್ಟುಪಾಡು ಇಲ್ಲವೆನ್ನುವಷ್ಟು ಕಡಿಮೆ. ಇನ್ನೊಂದು ತೊಡಕು, ಕೆಲವು ಹಳೆಯ ರೂಟರ್‌ಗಳಿಗೆ ಫೈಲ್ ಹಂಚಲು ಬಳಸುವ ಎಸ್‌ಎಂಬಿ 1 ಎಂಬ ಹಳೇ ಭಾಷೆ ಮಾತ್ರ ಬರುತ್ತದೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ರ‍್ಯಾನ್ಸಮ್‌ವೇರ್ (ಫೈಲುಗಳಿಗೆ ಬೀಗ ಹಾಕಿ ದುಡ್ಡು ಕೇಳುವ ದುಷ್ಟ ಸಾಫ್ಟ್‌ವೇರ್) ಜಗತ್ತಿಡೀ ಹಬ್ಬಿದ್ದು ಆ ಭಾಷೆಯಲ್ಲಿದ್ದ ತೂತಿನಿಂದಲೇ. ಅದೇ ವರ್ಷದ ಕೊನೆಗೆ ಬಂದ ವಿಂಡೋಸ್ 10ರ ಆವೃತ್ತಿಯಿಂದ ಹೊಸದಾಗಿ ಇನ್‌ಸ್ಟಾಲ್ ಮಾಡಿದಾಗ ಅದು ಇರುವುದಿಲ್ಲ, ಇಲ್ಲವೇ ಬಳಸದಿದ್ದರೆ ಕೆಲವು ದಿನಗಳಲ್ಲಿ ತಾನೇ ಹೋಗಿಬಿಡುತ್ತದೆ. "ಡಿಸ್ಕ್ ಕಾಣ್ತಿಲ್ಲ, ಎಸ್‌ಎಂಬಿ 1 ಆನ್ ಮಾಡಿ" ಎಂದು ಯಾರಾದರೂ ಸಲಹೆ ಕೊಟ್ಟರೆ ಕೇಳಬೇಡಿ, ರೂಟರ್ ಬದಲಿಸಿ.

ಒಂದು ಕಂಪ್ಯೂಟರಿನಲ್ಲೇ ಶೇರ್ಡ್ ಫೋಲ್ಡರ್

ಹೆಚ್ಚಿನ ಸಣ್ಣ ಆಫೀಸುಗಳು ಶುರು ಮಾಡುವುದೇ ಇಲ್ಲಿಂದ. ಯಾರದೋ ಕಂಪ್ಯೂಟರಿನಲ್ಲಿ ಒಂದು ಫೋಲ್ಡರ್ ಶೇರ್ ಮಾಡಿ, ಉಳಿದವರು ಅದನ್ನು ನೆಟ್‌ವರ್ಕ್ ಡ್ರೈವ್ ಆಗಿ ಮ್ಯಾಪ್ ಮಾಡಿಕೊಂಡರೆ (ತಮ್ಮದೇ ಡಿಸ್ಕಿನಂತೆ ಕಾಣುವ ಹಾಗೆ ಸೇರಿಸಿಕೊಂಡರೆ) ಮುಗಿಯಿತು. ನಾಲ್ಕೈದು ಜನಕ್ಕೆ ಇದು ಕೆಟ್ಟ ಆಯ್ಕೆ ಅಲ್ಲವೇ ಅಲ್ಲ. ಮಾಮೂಲಿ ವಿಂಡೋಸ್ 10, 11ರಲ್ಲಿ ಒಟ್ಟಿಗೆ 20 ಕನೆಕ್ಷನ್‌ಗಳ ಮಿತಿ ಇದೆ. ಸಣ್ಣ ಆಫೀಸು ಆ ಗೆರೆ ಮುಟ್ಟುವುದಿಲ್ಲ.

ತೊಂದರೆ ಇರುವುದು ಆ ಕಂಪ್ಯೂಟರಿನ ಮುಂದೆ ಕೂತವರಿಂದ. ಅವರು ರೀಸ್ಟಾರ್ಟ್ ಮಾಡಿದರೆ ಎಲ್ಲರ ಫೈಲೂ ಮಾಯ. ಅವರ ಕಂಪ್ಯೂಟರ್ ನಿದ್ದೆಗೆ ಜಾರಿದರೆ ಆಫೀಸೇ ನಿದ್ದೆಗೆ ಜಾರಿದಂತೆ. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಡೆ ಶೇರ್ಡ್ ಫೋಲ್ಡರ್ ಇದ್ದದ್ದು ಅಕೌಂಟ್ಸ್ ನೋಡುತ್ತಿದ್ದ ಮೇಡಂ ಕಂಪ್ಯೂಟರಿನಲ್ಲಿ. ಅವರು ಒಂದು ವಾರ ರಜೆ ಹಾಕುವ ಹಿಂದಿನ ಸಂಜೆ ಶಿಸ್ತಾಗಿ ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಕೋಣೆಗೆ ಬೀಗ ಹಾಕಿ ಹೋದರು. ಬೀಗದ ಕೈ ಅವರ ಕೈಚೀಲದಲ್ಲಿತ್ತು. ತಪ್ಪು ಅವರದಲ್ಲ. ಅವರ ಕಂಪ್ಯೂಟರ್ ಅವರದೊಬ್ಬರದಲ್ಲ ಎಂದು ಯಾರೂ ಅವರಿಗೆ ಹೇಳಿರಲೇ ಇಲ್ಲ.

ಈ ದಾರಿ ಹಿಡಿಯುವುದಾದರೆ ಯಾರೂ ಮುಂದೆ ಕೂರದ ಒಂದು ಕಂಪ್ಯೂಟರನ್ನು ಅದಕ್ಕೇ ಮೀಸಲಿಡಿ, ಸ್ಲೀಪ್ ಆಫ್ ಮಾಡಿ, ಯುಪಿಎಸ್‌ಗೆ ಸೇರಿಸಿ. "ಎವ್ರಿವನ್, ಫುಲ್ ಕಂಟ್ರೋಲ್" (ಎಲ್ಲರಿಗೂ ಪೂರ್ತಿ ಅಧಿಕಾರ) ಎಂದು ಟಿಕ್ ಹಾಕಿ ಕೈ ತೊಳೆದುಕೊಳ್ಳಬೇಡಿ. ನೆಟ್‌ವರ್ಕ್ ಡ್ರೈವ್‌ನಿಂದ ಅಳಿಸಿದ ಫೈಲು ನಿಮ್ಮ ಕಂಪ್ಯೂಟರಿನ ರೀಸೈಕಲ್ ಬಿನ್‌ಗೆ ಬರುವುದಿಲ್ಲ, ನೇರ ಹೋಗಿಬಿಡುತ್ತದೆ. ಇದು ಗೊತ್ತಾಗುವ ದಿನ ಸಾಮಾನ್ಯವಾಗಿ ತಡವಾಗಿರುತ್ತದೆ.

ರೆಡಿಮೇಡ್ ನ್ಯಾಸ್

ನ್ಯಾಸ್ ಎಂದರೆ ಪರದೆ, ಕೀಬೋರ್ಡ್ ಇಲ್ಲದ ಒಂದು ಚಿಕ್ಕ ಕಂಪ್ಯೂಟರ್. ಫೈಲ್ ಇಡುವುದು, ಹಂಚುವುದು, ಕಾಯುವುದು, ಅದಕ್ಕಿರುವ ಕೆಲಸ ಇಷ್ಟೇ. ಸಿನಾಲಜಿ, ಕ್ಯೂನ್ಯಾಪ್, ಆಸುಸ್ಟೋರ್, ಟೆರ‍್ರಾಮಾಸ್ಟರ್ ಮೊದಲಾದವರು ಎರಡು, ನಾಲ್ಕು, ಅದಕ್ಕೂ ಹೆಚ್ಚು ಡಿಸ್ಕ್ ಹಿಡಿಸುವ ಪೆಟ್ಟಿಗೆಗಳನ್ನು ಮಾಡುತ್ತಾರೆ. ಹೆಚ್ಚಿನವು ಖಾಲಿ ಪೆಟ್ಟಿಗೆಯಾಗಿ ಬರುತ್ತವೆ, ಡಿಸ್ಕ್ ಬೇರೆ ಕೊಳ್ಳಬೇಕು. ಪೆಟ್ಟಿಗೆಯ ಬೆಲೆ ನೋಡಿ ಬಜೆಟ್ ಹಾಕಿದವರು ಇಲ್ಲೇ ಎಡವುವುದು. ಪೆಟ್ಟಿಗೆ, ಒಳಗಿನ ಎರಡು ಡಿಸ್ಕ್, ಬ್ಯಾಕಪ್‌ಗೆ ಹೊರಗಿನ ಒಂದು ಡಿಸ್ಕ್, ಚಿಕ್ಕ ಯುಪಿಎಸ್, ಈ ನಾಲ್ಕೂ ಸೇರಿದ್ದೇ ನಿಜವಾದ ಬೆಲೆ.

ಕೊಟ್ಟ ದುಡ್ಡಿಗೆ ಸಿಗುವುದೇನು? ಬ್ರೌಸರಿನಲ್ಲಿ ತೆರೆದು ಯಾರಿಗೆ ಯಾವ ಫೋಲ್ಡರ್ ಎಂದು ಅರ್ಧ ಗಂಟೆಯಲ್ಲಿ ಗೊತ್ತುಪಡಿಸಬಹುದು. ಅಳಿಸಿದ ಫೈಲಿಗೆ ಅದರದೇ ರೀಸೈಕಲ್ ಬಿನ್ ಇರುತ್ತದೆ (ಆನ್ ಮಾಡಿದ್ದರೆ). ಡಿಸ್ಕ್ ಕೆಡುವ ಸೂಚನೆ ಕಂಡರೆ ಮೇಲ್ ಕಳಿಸುತ್ತದೆ. ಎರಡು ಡಿಸ್ಕಿನ ಪೆಟ್ಟಿಗೆ ಸುಮಾರು 20 ವ್ಯಾಟ್ ತಿಂದರೆ ವರ್ಷಕ್ಕೆ 175 ಯೂನಿಟ್ ವಿದ್ಯುತ್. ಹಳೇ ಡೆಸ್ಕ್‌ಟಾಪ್ 70 ವ್ಯಾಟ್ ತಿಂದರೆ 600 ಯೂನಿಟ್ ದಾಟುತ್ತದೆ. ಹಗಲೂ ರಾತ್ರಿ ಉರಿಯುವ ಯಂತ್ರಕ್ಕೆ ಈ ಲೆಕ್ಕ ಸಣ್ಣದಲ್ಲ.

ನಾನು ಮೊದಲು ನೋಡುವುದು ಸ್ನ್ಯಾಪ್‌ಶಾಟ್ ಸೌಲಭ್ಯ ಇದೆಯೇ ಎಂದು. ಪ್ರತಿ ಗಂಟೆಗೋ ಎರಡು ಗಂಟೆಗೋ ಫೋಲ್ಡರಿನ ಸ್ಥಿತಿಯನ್ನು ಅದು ಗುರುತಿಟ್ಟುಕೊಳ್ಳುತ್ತದೆ. ಬದಲಾದಷ್ಟಕ್ಕೆ ಮಾತ್ರ ಜಾಗ ತಿನ್ನುತ್ತದೆ. ಯಾರದೋ ಕಂಪ್ಯೂಟರಿಗೆ ರ‍್ಯಾನ್ಸಮ್‌ವೇರ್ ಹೊಕ್ಕು ಶೇರ್ಡ್ ಫೋಲ್ಡರಿನ ಫೈಲುಗಳಿಗೆಲ್ಲ ಬೀಗ ಹಾಕಿತು ಎನ್ನಿ. ಬೆಳಗಿನ ಹತ್ತು ಗಂಟೆಯ ಸ್ನ್ಯಾಪ್‌ಶಾಟ್‌ಗೆ ಹಿಂದಿರುಗಬಹುದು. ಹೆಚ್ಚಿನ ಪೆಟ್ಟಿಗೆಗಳಲ್ಲಿ ಇದಕ್ಕೆ ಬಿಟಿಆರ್‌ಎಫ್‌ಎಸ್ ಅಥವಾ ಝಡ್‌ಎಫ್‌ಎಸ್ ಎಂಬ ಫೈಲ್ ಸಿಸ್ಟಮ್ (ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ಪದ್ಧತಿ) ಬೇಕು. ತೀರಾ ಅಗ್ಗದ ಮಾದರಿಗಳಲ್ಲಿ ಎಷ್ಟೋ ಸಲ ಇದು ಇರುವುದಿಲ್ಲ. ಒಂದು ಮೆಟ್ಟಿಲು ಮೇಲಿನ ಮಾದರಿಗೆ ಹೆಚ್ಚು ಕೊಡುವುದು ತಕ್ಕದ್ದು ಎಂದು ನಾನು ಹೇಳುವ ಕಾರಣ ಇದೊಂದೇ. ಸಿನಿಮಾ ಪ್ಲೇ ಮಾಡುವ, ಕ್ಯಾಮೆರಾ ನೋಡುವ ಸೌಲಭ್ಯಗಳ ಪಟ್ಟಿಗೆ ಮರುಳಾಗಬೇಡಿ.

ಕೊಳ್ಳುವ ಮುನ್ನ ಇನ್ನೊಂದು ನೋಡಿ: ನೀವು ಹಾಕಬೇಕೆಂದಿರುವ ಡಿಸ್ಕ್ ಆ ಪೆಟ್ಟಿಗೆಯ ಹೊಂದಾಣಿಕೆಯ ಪಟ್ಟಿಯಲ್ಲಿದೆಯೇ? ತಯಾರಕರು ತಮ್ಮದೇ ಡಿಸ್ಕ್ ಹಾಕಬೇಕೆಂದು ಪಟ್ಟು ಹಿಡಿದ ಉದಾಹರಣೆ ಇದೆ.

ಎರಡು ಡಿಸ್ಕೋ, ನಾಲ್ಕೋ? ನಿಮ್ಮ ಈಗಿನ ಎಲ್ಲ ಫೈಲುಗಳನ್ನು ಅಳೆದು ಅದನ್ನು ಮೂರರಿಂದ ಗುಣಿಸಿ. ಬಂದ ಉತ್ತರ ಒಂದೇ ಡಿಸ್ಕಿನಲ್ಲಿ ಹಿಡಿಸಿದರೆ ಎರಡು ಡಿಸ್ಕಿನ ಪೆಟ್ಟಿಗೆ ಸಾಕು. (4 ಟಿಬಿ ಎಂದು ಬರೆದ ಡಿಸ್ಕ್ ವಿಂಡೋಸ್‌ನಲ್ಲಿ 3.63 ಎಂದು ಕಂಡರೆ ಗಾಬರಿಯಾಗಬೇಡಿ. ಅಂಗಡಿಯವರು ಮೋಸ ಮಾಡಿಲ್ಲ, ಎಣಿಸುವ ಪದ್ಧತಿ ಬೇರೆ.) 300 ಜಿಬಿ ದಾಖಲೆಗಳಿರುವ ಆಫೀಸು ನಾಲ್ಕು ಡಿಸ್ಕಿನ ಪೆಟ್ಟಿಗೆ ತಂದಿಟ್ಟರೆ ಮೂಗಿಗಿಂತ ಮೂಗುತಿ ಭಾರ.

ಹಳೇ ಕಂಪ್ಯೂಟರಿಗೆ ಹೊಸ ಕೆಲಸ

ಝಡ್‌ಎಫ್‌ಎಸ್ ಬಳಸುವ ಟ್ರೂನ್ಯಾಸ್, ಡೆಬಿಯನ್ ಲಿನಕ್ಸ್ ಮೇಲೆ ಕಟ್ಟಿದ ಓಪನ್‌ಮೀಡಿಯಾವಾಲ್ಟ್, ಕಂಪ್ಯೂಟರನ್ನು ನ್ಯಾಸ್ ಆಗಿಸುವ ಈ ಎರಡೂ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತವೆ. ಒಂದು ಹಳೆಯ ಕಂಪ್ಯೂಟರಿಗೆ ಇನ್‌ಸ್ಟಾಲ್ ಮಾಡಿದರೆ ದುಬಾರಿ ನ್ಯಾಸ್ ಮಾಡುವುದನ್ನೆಲ್ಲ ಅದೂ ಮಾಡುತ್ತದೆ. ಟ್ರೂನ್ಯಾಸ್‌ಗೆ ಕನಿಷ್ಠ 8 ಜಿಬಿ ರ‍್ಯಾಮ್ ಬೇಕು. ಓಪನ್‌ಮೀಡಿಯಾವಾಲ್ಟ್ ಅದಕ್ಕಿಂತ ಕಡಿಮೆಯಲ್ಲೇ ಸುಧಾರಿಸಿಕೊಳ್ಳುತ್ತದೆ.

ನನಗೆ ಈ ದಾರಿ ಬಹಳ ಇಷ್ಟ, ಮನೆಯಲ್ಲಿ ನಾನಿಟ್ಟಿರುವುದೂ ಇದನ್ನೇ. ಆದರೂ ಆಫೀಸಿಗೆ ಹೇಳಲು ಹಿಂಜರಿಯುತ್ತೇನೆ. ಇದನ್ನು ಕಟ್ಟುವವರು ಉತ್ಸಾಹಿಗಳು. ಉತ್ಸಾಹಿಗಳು ಒಂದು ದಿನ ಬೇರೆ ಕೆಲಸಕ್ಕೆ ಹೋಗುತ್ತಾರೆ. ಆಮೇಲೆ ಆ ಯಂತ್ರದ ಪಾಸ್‌ವರ್ಡ್ ಯಾರಿಗೂ ಗೊತ್ತಿರುವುದಿಲ್ಲ, ಮುಟ್ಟಲು ಎಲ್ಲರಿಗೂ ಭಯ. ಲಿನಕ್ಸ್ ಬಲ್ಲವರು ಕನಿಷ್ಠ ಇಬ್ಬರಿದ್ದು, ಮಾಡಿದ್ದನ್ನು ಬರೆದಿಡುವ ಅಭ್ಯಾಸ ಇದ್ದರೆ ಧೈರ್ಯವಾಗಿ ಮಾಡಿ. ಒಬ್ಬರೇ ಇದ್ದರೆ ಬೇಡ. ಹತ್ತು ವರ್ಷ ಹಳೆಯ ಪವರ್ ಸಪ್ಲೈ ಮೇಲೆ ಆಫೀಸಿನ ಭಾರ ಹೊರಿಸುವುದೂ ಬೇಡ. ಅದನ್ನಾದರೂ ಹೊಸದು ಹಾಕಿ.

ಕ್ಲೌಡ್

ಗೂಗಲ್ ಡ್ರೈವ್, ಒನ್‌ಡ್ರೈವ್, ಡ್ರಾಪ್‌ಬಾಕ್ಸ್ ಬಳಸಿದರೆ ಪೆಟ್ಟಿಗೆಯೇ ಬೇಡವಲ್ಲ? ಅರ್ಧದಷ್ಟು ಜನ ಹೊರಗಿಂದ ಕೆಲಸ ಮಾಡುವವರಾಗಿದ್ದು, ಫೈಲುಗಳು ಚಿಕ್ಕವಾಗಿದ್ದರೆ ನಿಜಕ್ಕೂ ಬೇಡ. ಒಂದೇ ಎಕ್ಸೆಲ್ ಹಾಳೆಯಲ್ಲಿ ಮೂವರು ಒಟ್ಟಿಗೆ ಬರೆಯುವುದು ಅಲ್ಲಿ ಸಲೀಸು. ನ್ಯಾಸ್‌ನಲ್ಲಿಟ್ಟ ಎಕ್ಸೆಲ್ ಫೈಲನ್ನು ಒಬ್ಬರು ತೆರೆದು ಊಟಕ್ಕೆ ಎದ್ದು ಹೋದರೆ ಉಳಿದವರಿಗೆ "ಓದಲು ಮಾತ್ರ" ಎಂಬ ಸೂಚನೆಯೇ ಗತಿ.

ಮೂರು ತೊಡಕು ಇವೆ. ಖರ್ಚು ತಿಂಗಳು ತಿಂಗಳೂ ಬರುತ್ತದೆ, ತಲೆ ಲೆಕ್ಕದಲ್ಲಿ ಬೆಳೆಯುತ್ತದೆ. ಮೂರು ವರ್ಷದ ಮೊತ್ತ ಕೂಡಿ ನ್ಯಾಸ್ ಜೊತೆ ಹೋಲಿಸಿ, ಒಂದು ತಿಂಗಳದ್ದನ್ನಲ್ಲ. ಎರಡನೆಯದು ಅಪ್‌ಲೋಡ್ ವೇಗ: 20 ಎಂಬಿಪಿಎಸ್ ಅಪ್‌ಲೋಡ್ ಇದ್ದರೆ 1 ಟಿಬಿ ಏರಿಸಲು ಹಗಲೂ ರಾತ್ರಿ ಸೇರಿ ನಾಲ್ಕೂವರೆ ದಿನಕ್ಕೂ ಹೆಚ್ಚು ಬೇಕು. ಮೂರನೆಯದು, ನಾನು ಮೊದಲೇ ಹೇಳಿದ ಅಕೌಂಟಿಂಗ್ ಡೇಟಾ. ಸಿಂಕ್ ಆಗುವ (ಕ್ಲೌಡ್‌ಗೂ ಎಲ್ಲರ ಕಂಪ್ಯೂಟರಿಗೂ ತಾನೇ ನಕಲಾಗುವ) ಫೋಲ್ಡರಿನಲ್ಲಿ ಅದನ್ನಿಟ್ಟು ಇಬ್ಬರು ತಮ್ಮ ತಮ್ಮ ಕಂಪ್ಯೂಟರಿನಿಂದ ನಮೂದು ಹಾಕಿದರೆ, ಒಬ್ಬರದರ ಮೇಲೆ ಇನ್ನೊಬ್ಬರದು ಬಿದ್ದು ಎರಡು ಪ್ರತಿಗಳಾಗುತ್ತವೆ, ಇಲ್ಲವೇ ಡೇಟಾವೇ ಕೆಡುತ್ತದೆ. ಡೇಟಾಬೇಸ್ ರೂಪದ ಯಾವ ಫೈಲನ್ನೂ ಸಿಂಕ್ ಫೋಲ್ಡರಿನಲ್ಲಿಟ್ಟು ಹಲವರು ಬಳಸಬಾರದು. ಅದರ ಜಾಗ ಲೋಕಲ್ ನೆಟ್‌ವರ್ಕ್.

ಪೆಟ್ಟಿಗೆಯೊಳಗಿನ ಡಿಸ್ಕ್, ಮತ್ತು ರೇಡ್ ಎಂಬ ಸುಳ್ಳು ಧೈರ್ಯ

ನ್ಯಾಸ್‌ಗೆಂದೇ ಮಾಡಿದ ಡಿಸ್ಕ್ ತಗೊಳ್ಳಿ. ಸದಾ ತಿರುಗುತ್ತ, ಪಕ್ಕದ ಡಿಸ್ಕಿನ ಅದುರಾಟ ತಾಳಿಕೊಳ್ಳುವಂತೆ ಅವನ್ನು ಮಾಡಿರುತ್ತಾರೆ. ಕೊಳ್ಳುವಾಗ ಸಿಎಂಆರ್ (ದತ್ತಾಂಶದ ಪಟ್ಟಿಗಳು ಅಕ್ಕಪಕ್ಕ ಬಿಡಿಯಾಗಿರುವ ಬಗೆ) ಎಂದಿದೆಯೇ ನೋಡಿ. ಎಸ್‌ಎಂಆರ್ ಬಗೆಯ ಡಿಸ್ಕಿನಲ್ಲಿ ದತ್ತಾಂಶದ ಪಟ್ಟಿಗಳು ಹೆಂಚು ಹೊದಿಸಿದಂತೆ ಒಂದರ ಮೇಲೊಂದು ಚಾಚಿರುತ್ತವೆ. ಒಂದನ್ನು ತಿದ್ದಬೇಕಾದರೆ ಪಕ್ಕದವನ್ನೂ ಮತ್ತೆ ಬರೆಯಬೇಕು. ದಿನನಿತ್ಯದ ಬಳಕೆಯಲ್ಲಿ ಗೊತ್ತಾಗುವುದಿಲ್ಲ, ಕೆಟ್ಟ ಡಿಸ್ಕ್ ಬದಲಿಸಿ ಹೊಸದನ್ನು ತುಂಬಿಸುವಾಗ ತೆವಳುತ್ತದೆ.

ಒಂದು ಡಿಸ್ಕ್ ಸತ್ತರೂ ಕೆಲಸ ನಿಲ್ಲದಂತೆ ಹಲವು ಡಿಸ್ಕುಗಳನ್ನು ಒಂದಾಗಿ ಕಟ್ಟುವ ವಿಧಾನಕ್ಕೆ ರೇಡ್ ಎನ್ನುತ್ತಾರೆ. ರೇಡ್ 1 ಎಂದರೆ ಎರಡು ಡಿಸ್ಕಿನಲ್ಲೂ ಒಂದೇ ಪ್ರತಿ: 4 + 4 ಹಾಕಿದರೆ ಸಿಗುವುದು 4 ಟಿಬಿ. ನಾಲ್ಕು 4 ಟಿಬಿ ಡಿಸ್ಕುಗಳಿಗೆ ರೇಡ್ 5 ಮಾಡಿದರೆ 12 ಸಿಗುತ್ತದೆ, ಒಂದು ಸತ್ತರೆ ತಡೆಯುತ್ತದೆ. ರೇಡ್ 6 ಮಾಡಿದರೆ 8 ಸಿಗುತ್ತದೆ, ಎರಡು ಸತ್ತರೂ ತಡೆಯುತ್ತದೆ. ಸತ್ತ ಡಿಸ್ಕಿನ ಜಾಗಕ್ಕೆ ಹೊಸ 4 ಟಿಬಿ ಹಾಕಿ ಸೆಕೆಂಡಿಗೆ 150 ಎಂಬಿಯಂತೆ ತುಂಬಿಸಿದರೂ ಏಳು ಗಂಟೆಗೂ ಹೆಚ್ಚು ಹಿಡಿಯುತ್ತದೆ. ಜನ ಕೆಲಸ ಮಾಡುತ್ತಿದ್ದರೆ ಇನ್ನೂ ಎಳೆಯುತ್ತದೆ. ಆ ಹೊತ್ತಿನಲ್ಲಿ ಉಳಿದ ಡಿಸ್ಕುಗಳ ಮೇಲೆ ಭಾರ ಹೆಚ್ಚು.

ರೇಡ್ ಬ್ಯಾಕಪ್ ಅಲ್ಲ. ಯಾರೋ ಒಂದು ಫೋಲ್ಡರ್ ಅಳಿಸಿದರೆ ರೇಡ್ 1 ಅದನ್ನು ಎರಡೂ ಡಿಸ್ಕಿನಿಂದ ಚಾಚೂ ತಪ್ಪದೆ ಅಳಿಸುತ್ತದೆ.

ನಾನೇ ಕೂರಿಸಿಕೊಟ್ಟ ಒಂದು ನ್ಯಾಸ್‌ನ ಕಥೆ ಇದು. ಎರಡು ಡಿಸ್ಕ್, ರೇಡ್ 1, ಎಲ್ಲ ಸರಿ. ಮೇಲ್ ಎಚ್ಚರಿಕೆ ಹಾಕುವುದನ್ನು "ನಾಳೆ ಮಾಡೋಣ" ಎಂದು ಬಿಟ್ಟೆ. ಆ ನಾಳೆ ಬರಲಿಲ್ಲ. ವರ್ಷವಾದ ಮೇಲೆ ಒಂದು ಡಿಸ್ಕ್ ಸತ್ತು ಪೆಟ್ಟಿಗೆ ಕೂಗತೊಡಗಿತು. ಪಕ್ಕದಲ್ಲಿ ಕೂತವರಿಗೆ ಕಿರಿಕಿರಿಯಾಗಿ ಅದನ್ನು ಬೀರುವಿನೊಳಗಿಟ್ಟು ಬಾಗಿಲು ಮುಚ್ಚಿದರು. ಫೈಲುಗಳು ತೆರೆಯುತ್ತಲೇ ಇದ್ದವಲ್ಲ, ಯಾರೂ ನನಗೆ ಫೋನ್ ಮಾಡಲಿಲ್ಲ. ಎರಡನೆಯ ಡಿಸ್ಕೂ ನಿಂತ ದಿನ ಫೋನ್ ಬಂತು. ಹೋಗಿ ಬೀರು ತೆಗೆದರೆ ಒಳಗಿನ ಗಾಳಿ ಒಲೆಯಂತಿತ್ತು. ತಿಂಗಳಿಗೊಮ್ಮೆ ಒಬ್ಬರು ಹೊರಗಿನ ಡಿಸ್ಕಿಗೆ ನಕಲು ಮಾಡಿಡುತ್ತಿದ್ದುದರಿಂದ ಹೋದದ್ದು ಹದಿನೆಂಟು ದಿನದ ಕೆಲಸ ಮಾತ್ರ. ಈಗ ನಾನು ಮೊದಲು ಮೇಲ್ ಎಚ್ಚರಿಕೆ ಹಾಕಿ, ಪರೀಕ್ಷೆಯ ಮೇಲ್ ಅವರ ಫೋನಿಗೆ ಬಂದದ್ದನ್ನು ಕಣ್ಣಾರೆ ನೋಡಿ, ಆಮೇಲೆ ಉಳಿದ ಕೆಲಸ ಮಾಡುತ್ತೇನೆ.

ಬ್ಯಾಕಪ್‌ಗೆ ಹಳೆಯ ಸೂತ್ರವೇ ಸಾಕು: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಪ್ರತಿ ಕಟ್ಟಡದ ಹೊರಗೆ. ಎರಡು ಹೊರ ಡಿಸ್ಕುಗಳನ್ನಿಟ್ಟುಕೊಂಡು ವಾರಕ್ಕೊಂದರಂತೆ ಬದಲಿಸಿ, ಒಂದನ್ನು ಮನೆಗೆ ಒಯ್ಯುವುದು ಅತಿ ಅಗ್ಗದ ವಿಧಾನ. ಮರೆಯುವವರಾದರೆ ನ್ಯಾಸ್‌ನಿಂದಲೇ ರಾತ್ರಿ ಹೊತ್ತು ಕ್ಲೌಡ್‌ಗೆ ಹೋಗುವಂತೆ ಮಾಡಿ.

ಹೊರಗಿಂದ ಫೈಲ್ ಬೇಕೆಂದು ರೂಟರಿನಲ್ಲಿ ಪೋರ್ಟ್ (ಹೊರಗಿನಿಂದ ಒಳಬರುವ ಬಾಗಿಲು) ತೆರೆದು ನ್ಯಾಸನ್ನು ಇಂಟರ್ನೆಟ್‌ಗೆ ಒಡ್ಡಬೇಡಿ. 2022ರಲ್ಲಿ ಡೆಡ್‌ಬೋಲ್ಟ್ ಎಂಬ ರ‍್ಯಾನ್ಸಮ್‌ವೇರ್ ಹಾಗೆ ಒಡ್ಡಿದ್ದ ನ್ಯಾಸ್‌ಗಳನ್ನೇ ಹುಡುಕಿಕೊಂಡು ಹೋಗಿ ಫೈಲುಗಳಿಗೆ ಬೀಗ ಹಾಕಿತು. ಹೊರಗಿನಿಂದ ಕೆಲಸ ಮಾಡುವ ನಿಮ್ಮವರಿಗೆ ವಿಪಿಎನ್ (ಇಂಟರ್ನೆಟ್ ಮೂಲಕವೇ ಆಫೀಸಿನ ನೆಟ್‌ವರ್ಕ್‌ಗೆ ಬರುವ ಸುರಕ್ಷಿತ ದಾರಿ) ಹಾಕಿಕೊಡಿ. ವೈರ್‌ಗಾರ್ಡ್‌ನಂಥವು ಈಗ ಅಷ್ಟೇನೂ ಕಷ್ಟವಲ್ಲ.

ಹಾಗಾದರೆ ಯಾರಿಗೆ ಯಾವುದು?

ನಾಲ್ಕು ಜನರ ಆಫೀಸು, ಬಜೆಟ್ ಬಿಗಿ, ಬರೀ ದಾಖಲೆಗಳು: ಮೀಸಲು ಕಂಪ್ಯೂಟರಿನಲ್ಲಿ ಶೇರ್ಡ್ ಫೋಲ್ಡರ್, ಉಳಿದ ದುಡ್ಡಿಗೆ ಎರಡು ಹೊರ ಡಿಸ್ಕ್. ಐದರಿಂದ ಹದಿನೈದು ಜನ, ಅಕೌಂಟಿಂಗ್ ಡೇಟಾ, ಐಟಿಯವರು ಯಾರೂ ಇಲ್ಲ: ಸ್ನ್ಯಾಪ್‌ಶಾಟ್ ಇರುವ ಎರಡು ಡಿಸ್ಕಿನ ನ್ಯಾಸ್. ಕೇಳುವವರಲ್ಲಿ ಹೆಚ್ಚಿನವರು ಈ ಗುಂಪಿಗೇ ಸೇರುತ್ತಾರೆ. ಬಜೆಟ್ ಸಾಲದಿದ್ದರೆ ಡಿಸ್ಕಿನ ಗಾತ್ರ ಇಳಿಸಿ, ಬ್ಯಾಕಪ್ ಡಿಸ್ಕ್ ಬಿಡಬೇಡಿ. ವಿಡಿಯೋ ಎಡಿಟಿಂಗ್ ಮಾಡುವ ಮೂವರು: ನಾಲ್ಕು ಡಿಸ್ಕಿನ ಪೆಟ್ಟಿಗೆ, ಅದರ ಜೊತೆಗೆ 2.5 ಗಿಗಾಬಿಟ್ ಅಥವಾ 10 ಗಿಗಾಬಿಟ್ ಸ್ವಿಚ್. ತಂತಿ ಬದಲಿಸದೆ ಪೆಟ್ಟಿಗೆ ಬದಲಿಸಿದರೆ ಉಪಯೋಗ ಇಲ್ಲ. ಮನೆಯಿಂದ ಕೆಲಸ ಮಾಡುವವರೇ ಹೆಚ್ಚು: ಕ್ಲೌಡ್, ಮತ್ತು ಅದರದೇ ಒಂದು ಪ್ರತಿ ಆಫೀಸಿನ ಡಿಸ್ಕಿನಲ್ಲಿ.

ಆರಿಸಿ ತಂದ ಮೇಲೆ ರೂಟರಿನಲ್ಲಿ ಅದಕ್ಕೊಂದು ಖಾಯಂ ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಅದನ್ನು ಗುರುತಿಸುವ ಸಂಖ್ಯೆ) ಕೊಡಿ, ಇಲ್ಲದಿದ್ದರೆ ಕರೆಂಟ್ ಹೋಗಿ ಬಂದಾಗ "ಡ್ರೈವ್ ಕಾಣ್ತಿಲ್ಲ" ಎಂಬ ಕೂಗು ಏಳಬಹುದು. ಫೈಲುಗಳನ್ನು ಹೊಸ ಜಾಗಕ್ಕೆ ಸಾಗಿಸುವುದು ವಾರದ ಕೊನೆಯ ಸಂಜೆಗಿರಲಿ. ನಕಲಾದ ಮೇಲೆ ಹಳೆಯ ಫೋಲ್ಡರನ್ನು ಅಳಿಸದೆ "ಓದಲು ಮಾತ್ರ" ಎಂದು ಮಾಡಿ, ಹೆಸರಿನ ಮುಂದೆ "ಹಳೆಯದು" ಎಂದು ಸೇರಿಸಿ. ಸೋಮವಾರ ಬೆಳಿಗ್ಗೆ ಯಾರಾದರೊಬ್ಬರು ಅಭ್ಯಾಸಬಲದಿಂದ ಅಲ್ಲಿಗೇ ಹೋಗಿ, ಸೇವ್ ಆಗುತ್ತಿಲ್ಲ ಎಂದು ನಿಮ್ಮ ಬಳಿ ಬರುತ್ತಾರೆ. ಬರಲಿ, ಅದಕ್ಕೇ ಹಾಗೆ ಮಾಡಿದ್ದು. ಒಂದು ತಿಂಗಳು ಯಾರೂ ಬರದಿದ್ದರೆ ಆಗ ಅಳಿಸಿ.